ಕಾಗದವಿಲ್ಲದ ಕೆಲಸಕ್ಕೆ ಹಣ ಸಲ್ಲಬೇಕೇ?

"ಮನೆ ಕಟ್ಟಿ ನೋಡು" ಎಂಬ ಗಾದೆಯ ಕಷ್ಟವೆಲ್ಲ ಬಹುಮಟ್ಟಿಗೆ ಕೊನೆಯ ಬಿಲ್ಲಿನಲ್ಲಿ ಅಡಗಿರುತ್ತದೆ. "ಇಲ್ಲೊಂದು ಶೆಲ್ಫ್ ಹಾಕಿಬಿಡಿ, ಕಾಂಪೌಂಡನ್ನು ಎರಡಡಿ ಎತ್ತರಿಸಿ" ಎಂದು ಮಾಲೀಕರು ಬಾಯಿಮಾತಿನಲ್ಲಿ ಹೇಳುತ್ತಾರೆ, ಕೆಲಸ ನಡೆದುಹೋಗುತ್ತದೆ. ಲೆಕ್ಕ ಬಂದಾಗ "ಇದು ಕರಾರಿನಲ್ಲಿ ಇರಲಿಲ್ಲವಲ್ಲ" ಎಂಬ ಮಾತು ಹೊರಡುತ್ತದೆ. ಕ್ರಮವಾದ ಕರಾರಿಲ್ಲದೆ ಮಾಡಿದ ಕೆಲಸಕ್ಕೆ ಹಣ ಕೊಡಬೇಕೇ ಎಂಬ ಪ್ರಶ್ನೆ ಹಿಂದೊಮ್ಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅಲ್ಲಿ ಮಾಲೀಕನ ಸ್ಥಾನದಲ್ಲಿದ್ದುದು ಸರ್ಕಾರವೇ.

1943ರ ಬಂಗಾಳದ ಭೀಕರ ಕ್ಷಾಮದ ಮರುವರ್ಷ. ಹೂಗ್ಲಿ ಜಿಲ್ಲೆಯ ಆರಾಮ್‌ಬಾಗ್‌ನಲ್ಲಿ ನಾಗರಿಕ ಸರಬರಾಜು ಇಲಾಖೆಗಾಗಿ ಬಿ.ಕೆ. ಮಂಡಲ್ ಅಂಡ್ ಸನ್ಸ್ ಎಂಬ ಗುತ್ತಿಗೆ ಸಂಸ್ಥೆ ತಾತ್ಕಾಲಿಕ ಉಗ್ರಾಣಗಳನ್ನು ಕಟ್ಟಿ ಹಣ ಪಡೆದಿತ್ತು. 1944ರ ಏಪ್ರಿಲ್‌ನಲ್ಲಿ ಅಧಿಕಾರಿಗಳು ಮತ್ತಷ್ಟು ಕೆಲಸ ಹೇಳಿದರು: ಒಂದು ಕಚ್ಚಾ ರಸ್ತೆ, ಕಾವಲುಗಾರರ ಕೋಣೆ, ಕಚೇರಿ, ಅಡಿಗೆಮನೆ, ಗುಮಾಸ್ತರ ಕೊಠಡಿ, ಆಮೇಲೆ ದಾಸ್ತಾನಿನ ಷೆಡ್ಡುಗಳು. ಎಲ್ಲವೂ ಸಿದ್ಧವಾದವು, ಇಲಾಖೆ ಅವನ್ನು ಬಳಸಿಕೊಂಡಿತು. ಸುಮಾರು 19,325 ರೂಪಾಯಿಗಳ ಬಾಕಿ ಮಾತ್ರ ಸಂದಾಯವಾಗಲಿಲ್ಲ.

ಸರ್ಕಾರದ ವಾದಕ್ಕೆ ಆಧಾರವಿತ್ತು. 1935ರ ಭಾರತ ಸರ್ಕಾರದ ಕಾಯ್ದೆಯ 175(3)ನೆಯ ಕಲಮಿನ ಪ್ರಕಾರ ಪ್ರಾಂತ್ಯದ ಕರಾರುಗಳು ಗವರ್ನರ್ ಹೆಸರಿನಲ್ಲಿ, ಅಧಿಕಾರ ಪಡೆದವರ ಮೂಲಕವೇ ಆಗಬೇಕಿತ್ತು. ಇಲ್ಲಿ ಹಾಗೆ ಆಗಿರಲಿಲ್ಲ. ಆದ್ದರಿಂದ ಕರಾರೇ ಇಲ್ಲ, ಹಣವೂ ಇಲ್ಲ ಎಂಬುದು ಅವರ ನಿಲುವು.

1961ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರ ತೀರ್ಪು 1872ರ ಭಾರತೀಯ ಕರಾರು ಕಾಯ್ದೆಯ 70ನೆಯ ಕಲಮನ್ನು ಆಧರಿಸಿತ್ತು. ಅದಕ್ಕೆ ಮೂರು ಷರತ್ತುಗಳು: ಕೆಲಸ ನ್ಯಾಯಬದ್ಧವಾಗಿ ನಡೆದಿರಬೇಕು, ಪುಕ್ಕಟೆ ಮಾಡುವ ಉದ್ದೇಶ ಇರಬಾರದು, ಇನ್ನೊಬ್ಬರು ಅದರ ಪ್ರಯೋಜನ ಪಡೆದಿರಬೇಕು. ಕರಾರು ಅಸಿಂಧುವಾದರೂ ಉಪಯೋಗ ಪಡೆದವರ ಋಣ ಉಳಿಯುತ್ತದೆ.

ಹಾಗೆಂದು ಮಾಲೀಕರಿಗೆ ರಕ್ಷಣೆಯಿಲ್ಲವೆಂದಲ್ಲ. ಬೇಡವೆನ್ನುವ, ಹಿಂದಿರುಗಿಸುವ ಸ್ವಾತಂತ್ರ್ಯ ಅವರಿಗೆ ಇದ್ದೇ ಇದೆ. ಸ್ವಇಚ್ಛೆಯಿಂದ ಸ್ವೀಕರಿಸಿದಾಗ ಮಾತ್ರ ಹೊಣೆ ಹುಟ್ಟುತ್ತದೆ ಎಂದು ತೀರ್ಪು ಸ್ಪಷ್ಟಪಡಿಸಿತು. ಅಂತೆಯೇ, ಸಿಂಧುವಾದ ಕರಾರಿನಲ್ಲಿ ದರ ಗೊತ್ತುಮಾಡಿದ್ದರೆ, ಅದೇ ಕೆಲಸಕ್ಕೆ ಈ ಕಲಮಿನ ನೆಪದಲ್ಲಿ ಹೆಚ್ಚು ಕೇಳುವಂತಿಲ್ಲ.

ಈ ತತ್ತ್ವ ಎಷ್ಟೇ ಹಿರಿದಾದರೂ ಒಂದು ಅಂಶ ಮನಸ್ಸನ್ನು ಕಾಡುತ್ತದೆ. 1944ರಲ್ಲಿ ಮಾಡಿದ ಕೆಲಸಕ್ಕೆ ಅಂತಿಮ ನ್ಯಾಯ ದೊರೆತದ್ದು ಹದಿನೇಳು ವರ್ಷಗಳ ಮೇಲೆ. ದೊಡ್ಡ ಸಂಸ್ಥೆ ಅಷ್ಟು ಕಾಲ ತಡೆದೀತು. ನಿಮ್ಮ ಮನೆ ಕಟ್ಟುವ ಮೇಸ್ತ್ರಿ ತಡೆಯಲಾರ. ಅವನ ಬಿಲ್ಲು ನಿಂತರೆ ಗಾರೆ ಕೆಲಸದವರ ಶನಿವಾರದ ಬಟವಾಡೆಯೂ ನಿಲ್ಲುತ್ತದೆ.

ಆದುದರಿಂದ ಮನೆ ಕಟ್ಟಿಸುತ್ತಿರುವ ನನ್ನ ಶಿಷ್ಯರಿಗೂ ಬಂಧುಗಳಿಗೂ ಹೇಳುವುದಿಷ್ಟೆ: ಹೆಚ್ಚುವರಿ ಕೆಲಸ ಹೇಳಿದ ದಿನವೇ ಅದರ ವಿವರವನ್ನೂ ದರವನ್ನೂ ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ರುಜು ಹಾಕಿರಿ. ಬರೆಯುವುದು ಮರೆತಿದ್ದರೆ, ಆ ಶೆಲ್ಫನ್ನು ನೀವು ಬಳಸುತ್ತಿದ್ದೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಬಳಸುತ್ತಿದ್ದರೆ ಅದರ ಬೆಲೆ ಕೊಡುವುದು ಧರ್ಮ. ಕಾನೂನು ಹೇಳುವುದೂ ಅದನ್ನೇ.