ನರ ಅಂದ್ರೆ ಬರೀ ತಂತಿಯಲ್ಲ

ನಮ್ಮ ಕೋಲಾರದ ಕಡೆಯವರಿಗೆ ಕರೆಂಟಿನ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿ. ಬೆಂಗಳೂರಿನಲ್ಲಿ ಬೀದಿ ದೀಪ ಹೊತ್ತಿದ್ದು 1905ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1902ರಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ನಮ್ಮ ಚಿನ್ನದ ಗಣಿಗೆ ವಿದ್ಯುತ್ ತಂದಿದ್ದರು. ನರ ಅಂದ್ರೆ ಮೈಯೊಳಗಿನ ಕರೆಂಟ್ ತಂತಿ ಅಂತ ಯಾರಾದರೂ ಹೇಳಿದಾಗ ನನಗೆ ನೆನಪಾಗೋದು ಆ ಲೈನೇ. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ನಿಜ.

ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುತ್ತೆ ಅಂತ ಇಟಲಿಯ ಗ್ಯಾಲ್ವಾನಿ ಪ್ರಕಟಿಸಿದ್ದು 1791ರಲ್ಲಿ. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತದ ವೇಗ ಅಳೆದ. ಸೆಕೆಂಡಿಗೆ ಬರೀ 30 ಮೀಟರ್ ಆಸುಪಾಸು! ತಂತಿಯಲ್ಲಾದರೆ ಲಕ್ಷ ಕಿಲೋಮೀಟರ್ ಲೆಕ್ಕ. ಇಷ್ಟು ನಿಧಾನ ಯಾಕೆ?

ಪೂರ್ತಿ ಉತ್ತರ ಸಿಗೋಕೆ ನೂರು ವರ್ಷ ಬೇಕಾಯ್ತು. ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಸ್ಕ್ವಿಡ್ ಅನ್ನೋ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಪ್ರಯೋಗ ಮಾಡಿ 1952ರಲ್ಲಿ ಲೆಕ್ಕ ಬಿಡಿಸಿದರು. 1963ರಲ್ಲಿ ನೊಬೆಲ್ ಬಂತು. ನರತಂತುವಿನ ಒಳಗೆ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಸಂಕೇತ ಬಂದ ಜಾಗದಲ್ಲಿ ಪುಟ್ಟ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತೆ. ಆ ಏರಿಕೆಗೆ ಪಕ್ಕದ ಬಾಗಿಲುಗಳೂ ತೆರೆಯುತ್ತವೆ. ಹಿಂದೆಯೇ ಪೊಟ್ಯಾಸಿಯಂ ಹೊರಹೋಗಿ ಎಲ್ಲ ಮೊದಲಿನಂತಾಗುತ್ತೆ. ಹೀಗೆ ಸಂಕೇತ ದಾರಿಯುದ್ದಕ್ಕೂ ಹೊಸದಾಗಿ ಹುಟ್ಟುತ್ತಾ ಹೋಗುತ್ತೆ. ಅದಕ್ಕೇ ಆ ನಿಧಾನ.

ಗಣಿಯ ಲೈನಿಗೆ ಪವರ್ ಹೌಸ್ ಇದ್ದದ್ದು ಒಂದು ತುದಿಯಲ್ಲಿ; ದಾರಿಯಲ್ಲಿ ಒಂದಷ್ಟು ನಷ್ಟ ಖಾತ್ರಿ. ನರಕ್ಕೆ ಉದ್ದಕ್ಕೂ ಪವರ್ ಹೌಸ್! ಹಾಗಾಗಿ ಸಂಕೇತ ಹೊರಟಷ್ಟೇ ಜೋರಾಗಿ ತಲುಪುತ್ತೆ. ಆದರೆ ಒಳಬಂದ ಸೋಡಿಯಂ ಅನ್ನು ಹೊರಗೆ ಹಾಕೋ ಪಂಪುಗಳು ಹಗಲೂರಾತ್ರಿ ಓಡಬೇಕು, ಅವಕ್ಕೆ ಶಕ್ತಿ ಬೇಕು. ಉದ್ದ ಹೆಚ್ಚಿದಷ್ಟೂ ನಿರ್ವಹಣೆ ಕಷ್ಟ.

ಸಕ್ಕರೆ ಕಾಯಿಲೆ ಕೆಡಿಸೋದು ಈ ನಿರ್ವಹಣೆಯನ್ನೇ. ಸಾಮಾನ್ಯವಾಗಿ ಮೊದಲು ಸೋಲೋದು ಅತಿ ಉದ್ದದ ನರಗಳು, ಅಂದ್ರೆ ಸೊಂಟದ ಹತ್ತಿರದಿಂದ ಕಾಲ್ಬೆರಳಿನವರೆಗೆ ಹೋಗುವಂಥವು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಬರಿಗಾಲಲ್ಲಿ ಓಡಾಡೋ ತಾತ, ಮುಳ್ಳು ಚುಚ್ಚಿದ್ದೇ ಗೊತ್ತಾಗಲಿಲ್ಲ ಅಂದ್ರೆ ಅದು ಗಟ್ಟಿ ಚರ್ಮದ ಹೆಗ್ಗಳಿಕೆಯೇ ಆಗಿರಬೇಕಿಲ್ಲ. ಈ ಸಲ ಮಾಲೂರಿಗೋ ಮುಳಬಾಗಿಲಿಗೋ ಹೋದಾಗ ಮನೆಯ ಹಿರಿಯರ ಶುಗರ್ ರಿಪೋರ್ಟ್ ಜೊತೆ ಅವರ ಪಾದಾನೂ ನೋಡಿ. ಗಾಯ ಇದ್ದೂ ನೋವಿಲ್ಲ ಅಂದ್ರೆ, ಅವತ್ತೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.