ಪಿಟೀಲು ಚೌಡಯ್ಯನವರೂ ತಿರುಮಕೂಡಲೂ

ವಿದ್ಯೆಯನ್ನು ಬಯಸುವವನು ಊರನ್ನು ಬಿಡಬೇಕೆಂಬುದು ನಮ್ಮ ದೇಶದಲ್ಲಿ ಬಹು ಪುರಾತನವಾದ ನಿಯಮ. ವೇದಾಧ್ಯಯನಕ್ಕೆ ಹೊರಟ ವಟುವೂ, ತರ್ಕವ್ಯಾಕರಣಗಳನ್ನರಸಿ ಕಾಶಿಗೆ ನಡೆದ ಪಂಡಿತನೂ ಮೊದಲು ದಾಟಿದುದು ತಮ್ಮ ಮನೆಯ ಹೊಸ್ತಿಲನ್ನೇ. ಆದರೆ ಪಂಡಿತನು ಹೊರಟರೆ ‘ವಿದ್ಯೆಗಾಗಿ ಹೋದನು’ ಎಂದು ಹೊಗಳುವ ಜನರು, ಗಾಯಕನೋ ವಾದಕನೋ ಪಟ್ಟಣವನ್ನು ಸೇರಿದರೆ ‘ಹಣಕ್ಕಾಗಿ ಹೋದನು, ಊರನ್ನು ಮರೆತನು’ ಎಂದು ಆಡಿಕೊಳ್ಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನ್ಯಾಯವಾದುದೆಂದು ವಿಚಾರಿಸುವುದಕ್ಕೆ ಮೈಸೂರು ಟಿ. ಚೌಡಯ್ಯನವರ ಚರಿತ್ರೆಗಿಂತ ತಕ್ಕ ನಿದರ್ಶನವು ನಮ್ಮ ಕಾವೇರಿ ಸೀಮೆಯಲ್ಲಿ ದೊರೆಯುವುದು ಕಷ್ಟ.

ಶ್ರೀರಂಗಪಟ್ಟಣದ ದ್ವೀಪವನ್ನು ಬಳಸಿ ಮುಂದಕ್ಕೆ ಹರಿಯುವ ಕಾವೇರಿಯು ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಳ್ಳುವಳು. ಕಣ್ಣಿಗೆ ಕಾಣದ ಸ್ಫಟಿಕಸರೋವರವೂ ಅಲ್ಲಿ ಬಂದು ಸೇರುವುದೆಂದು ಹೇಳುವುದರಿಂದ ಆ ಸ್ಥಳಕ್ಕೆ ತ್ರಿವೇಣೀಸಂಗಮವೆಂಬ ಪ್ರಸಿದ್ಧಿಯುಂಟು. ಸಂಗಮದ ದಡದಲ್ಲಿ ಅಗಸ್ತ್ಯೇಶ್ವರನ ಗುಡಿ. ಹೊಳೆಯಾಚೆ ನರಸೀಪುರದಲ್ಲಿ ಗುಂಜಾನರಸಿಂಹನ ಗುಡಿ. ೧೮೯೫ರಲ್ಲಿ ಚೌಡಯ್ಯನವರು ಹುಟ್ಟಿದುದು ಇಲ್ಲಿ. ಅವರ ತಂದೆಯ ಹೆಸರು ಅಗಸ್ತ್ಯಗೌಡ. ಊರ ದೇವರ ಹೆಸರೇ ಮನೆಯ ಯಜಮಾನನ ಹೆಸರೂ ಆಗಿದ್ದಿತು.

ಇಂತಹ ಊರುಗಳಲ್ಲಿ ಸಂಗೀತವಿರಲಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಗುಡಿಯಲ್ಲಿ ಓಲಗ, ಮಂಟಪದಲ್ಲಿ ಭಜನೆ, ಜಾತ್ರೆಯಲ್ಲಿ ಬಯಲಾಟ, ಕಣದಲ್ಲಿ ಪದ, ಇವೆಲ್ಲವೂ ಹಳ್ಳಿಯ ಸ್ವತ್ತು. ಕೇಳುವ ಕಿವಿಯನ್ನು ಹಳ್ಳಿ ಧಾರಾಳವಾಗಿ ಕೊಡಬಲ್ಲದು. ಆದರೆ ಶಿಷ್ಯನನ್ನು ವರ್ಷಗಟ್ಟಲೆ ಎದುರಿಗೆ ಕೂರಿಸಿಕೊಂಡು ರಾಗದ ಒಂದೊಂದು ಸಂಚಾರವನ್ನೂ ತಿದ್ದುವ ಗುರು, ತಪ್ಪನ್ನು ಹಿಡಿದು ಒಪ್ಪನ್ನು ಮೆಚ್ಚುವ ವಿದ್ವತ್ಸಭೆ, ವಿದ್ವಾಂಸನ ಹೊಟ್ಟೆಬಟ್ಟೆಗೆ ಆಧಾರವಾದ ಸಂಭಾವನೆ, ಈ ಮೂರೂ ಒಂದೇ ಕಡೆ ದೊರೆಯುತ್ತಿದ್ದುದು ರಾಜಧಾನಿಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ೧೯೦೨ರಿಂದ ೧೯೪೦ರವರೆಗೆ ರಾಜ್ಯವಾಳಿದ ಕಾಲವದು. ವೀಣೆ ಶೇಷಣ್ಣನವರು, ವಾಸುದೇವಾಚಾರ್ಯರು, ಬಿಡಾರಂ ಕೃಷ್ಣಪ್ಪನವರು ಮೊದಲಾದವರಿಂದ ಮೈಸೂರಿನ ಆಸ್ಥಾನವು ಶೋಭಿಸುತ್ತಿದ್ದಿತು. ತಿರುಮಕೂಡಲಿಗೂ ಮೈಸೂರಿಗೂ ಇರುವ ದೂರ ಮೂವತ್ತು ಕಿಲೋಮೀಟರಿನಷ್ಟು ಮಾತ್ರ. ವಿದ್ಯೆಯ ದೃಷ್ಟಿಯಿಂದ ನೋಡಿದರೆ ಆ ಅಂತರವು ಬಹು ದೊಡ್ಡದು.

ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರನ್ನು ಆಶ್ರಯಿಸಿದುದು ೧೯೧೦ರಲ್ಲಿ. ಆಗ ಅವರಿಗೆ ಹದಿನೈದರ ಪ್ರಾಯ. ೧೯೧೮ರವರೆಗೆ ಗುರುವಿನ ಬಳಿ ಕಠಿನವಾದ ಶಿಕ್ಷಣ ನಡೆಯಿತು. ಇಲ್ಲಿ ವಾಚಕರು ಗಮನಿಸತಕ್ಕ ಒಂದು ವಿಷಯವುಂಟು. ಆ ಗುರುಗಳೂ ಮೈಸೂರಿನಲ್ಲಿ ಹುಟ್ಟಿದವರಲ್ಲ. ಅವರು ದಕ್ಷಿಣ ಕನ್ನಡದ ನಂದಳಿಕೆಯ ಮೂಲದವರು. ಮೈಸೂರಿಗೆ ಬಂದು ಆಸ್ಥಾನವಿದ್ವಾಂಸರಾಗಿ, ದಾಸರ ಪದಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ಕಲ್ಪಿಸಿ, ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ವಾಸುದೇವಾಚಾರ್ಯರಾದರೋ ಮೈಸೂರಿನಲ್ಲೇ ಹುಟ್ಟಿದ್ದರೂ ವಿದ್ಯೆಗಾಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರನ್ನರಸಿ ತಿರುವೈಯಾರಿಗೆ ಹೋದರು. ಶಿಷ್ಯನು ಕೈಯಲ್ಲಿ ಹಿಡಿದ ಪಿಟೀಲೂ ಪರದೇಶದ್ದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಐರೋಪ್ಯ ವಾದಕನೊಬ್ಬನಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಹೀಗೆ ಗುರು, ಶಿಷ್ಯ, ವಾದ್ಯ ಮೂರೂ ಬೇರೆ ಬೇರೆ ಕಡೆಗಳಿಂದ ಬಂದು ಮೈಸೂರಿನಲ್ಲಿ ಕೂಡಿದುವು.

ಪಟ್ಟಣವು ವಿದ್ಯೆಯನ್ನು ಕೊಡುವಂತೆ ತನ್ನ ಅಪೇಕ್ಷೆಯನ್ನೂ ಮುಂದಿಡುತ್ತದೆ. ಹಿಂದೆ ವಿದ್ವಾಂಸನು ನುಡಿಸುತ್ತಿದ್ದುದು ಅರಮನೆಯ ತೊಟ್ಟಿಯಲ್ಲಿ, ದೇವಾಲಯದ ಮಂಟಪದಲ್ಲಿ, ಶ್ರೀಮಂತರ ಪಡಸಾಲೆಯಲ್ಲಿ. ಕೇಳುವವರು ಹತ್ತಿರ ಕುಳಿತ ಕೆಲವು ಮಂದಿ ರಸಿಕರು. ಚೌಡಯ್ಯನವರು ಪ್ರೌಢರಾಗುವ ಹೊತ್ತಿಗೆ ನಗರಗಳಲ್ಲಿ ಸಂಗೀತಸಭೆಗಳು ತಲೆಯೆತ್ತಿದ್ದುವು. ಟಿಕೀಟು ಕೊಂಡು ಬರುವ ಜನರಿಂದ ವಿಶಾಲವಾದ ಸಭಾಂಗಣಗಳು ತುಂಬುತ್ತಿದ್ದುವು. ಧ್ವನಿವರ್ಧಕಗಳು ಇನ್ನೂ ಬಳಕೆಗೆ ಬಂದಿರಲಿಲ್ಲ. ಪಕ್ಕವಾದ್ಯದ ಪಿಟೀಲಿನ ಇಂಪು ಮುಂದಿನ ಸಾಲುಗಳನ್ನು ದಾಟಿ ಹಿಂದಿನವರ ಕಿವಿಗೆ ಮುಟ್ಟುವುದು ದುಸ್ತರವಾಗಿದ್ದಿತು. ಮುಟ್ಟಿಸಲೆಂದು ಕಮಾನನ್ನು ಒತ್ತಿದರೆ ನಾದವು ಕರ್ಕಶವಾಗುವುದು.

ಈ ಕೊರತೆಯನ್ನು ನೀಗುವುದಕ್ಕಾಗಿಯೇ ಅವರು ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಜೊತೆಗೂಡಿಸಿದರು. ಆ ಏಳು ತಂತಿಯ ಪಿಟೀಲಿನ ನಾದವು ಗಂಭೀರವಾಗಿ ಸಭೆಯನ್ನೆಲ್ಲ ತುಂಬಿತು. ಇದು ಸುಲಭವಾದ ಸಾಧನೆಯಲ್ಲ. ಜೊತೆಯಾದ ಎರಡು ತಂತಿಗಳನ್ನು ಒಂದೇ ಬೆರಳಿನಿಂದ ಅದುಮಿ, ಒಂದೇ ಕಮಾನಿನಿಂದ ಎಳೆಯಬೇಕು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಅಪಸ್ವರ ಇಮ್ಮಡಿಯಾಗುವುದು. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮುಂತಾದ ಗಾಯಕಶ್ರೇಷ್ಠರಿಗೆ ಅವರು ಪಕ್ಕವಾದ್ಯ ನುಡಿಸಿದರು. ಕನ್ನಡ ನಾಡಿನ ಹೊರಗೂ ಅವರ ಕೀರ್ತಿ ಹಬ್ಬಿತು. ೧೯೫೭ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯ ‘ಸಂಗೀತ ಕಲಾನಿಧಿ’ ಬಿರುದು ಅವರಿಗೆ ಸಂದಿತು.

ತರುವಾಯದ ಕಥೆ ವಿಚಾರಯೋಗ್ಯವಾದುದು. ಧ್ವನಿವರ್ಧಕ ಯಂತ್ರವು ಸಭೆಗಳಲ್ಲಿ ನೆಲೆಗೊಂಡಿತು. ಮೆಲ್ಲನೆ ನುಡಿಸಿದುದೂ ಕೊನೆಯ ಸಾಲಿಗೆ ಕೇಳತೊಡಗಿತು. ಏಳು ತಂತಿಯ ಪಿಟೀಲು ಹುಟ್ಟಿದ ಕಾರಣವೇ ಇಲ್ಲವಾಯಿತು. ಈಗಿನ ವಾದಕರ ಕೈಯಲ್ಲಿ ನಾಲ್ಕು ತಂತಿಯ ಪಿಟೀಲೇ ಸಾಮಾನ್ಯ. ಯಾವ ನಗರದ ಅಗತ್ಯವು ಆ ವಾದ್ಯವನ್ನು ರೂಪಿಸಿತೋ ಅದೇ ನಗರದ ಹೊಸ ಸೌಕರ್ಯವು ಅದನ್ನು ಬದಿಗೆ ಸರಿಸಿತು. ೧೯೮೦ರಲ್ಲಿ ಬೆಂಗಳೂರಿನಲ್ಲಿ ಚೌಡಯ್ಯ ಸ್ಮಾರಕ ಭವನವನ್ನು ಕಟ್ಟಿದವರು ಅದಕ್ಕೆ ಪಿಟೀಲಿನ ಆಕಾರವನ್ನೇ ಕೊಟ್ಟರು. ಕಚೇರಿಯಲ್ಲಿ ಅಪರೂಪವಾದುದು ಕಟ್ಟಡದ ರೂಪದಲ್ಲಿ ಉಳಿಯಿತು.

ಹಾಗಾದರೆ ಊರಿನಿಂದ ತಂದುದರಲ್ಲಿ ಚೌಡಯ್ಯನವರ ಬಳಿ ಉಳಿದುದೇನು? ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯವಿದೆ. ಅಲ್ಲಿಯ ದ್ವಾರಪಾಲಕರನ್ನು ಕಡೆದ ರೂವಾರಿ ಮಲ್ಲಿತಮ್ಮನು ಹದಿಮೂರನೆಯ ಶತಮಾನದಲ್ಲಿ ಊರಿಂದೂರಿಗೆ ಹೋಗಿ ಹಲವು ದೇವಾಲಯಗಳಲ್ಲಿ ಕೆಲಸ ಮಾಡಿದವನು. ತನ್ನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಟ್ಟು ಹೋದನು. ಸಂಗೀತಗಾರನಿಗೆ ಕಲ್ಲಿಲ್ಲ, ನುಡಿಸಿದ ನಾದವು ಆ ಕ್ಷಣದಲ್ಲೇ ಲಯವಾಗುವುದು. ಅವನು ಹೆಸರನ್ನಿಡಬಹುದಾದ ಸ್ಥಳ ಕೃತಿಯ ಅಂಕಿತವೊಂದೇ. ಚೌಡಯ್ಯನವರು ತಮ್ಮ ಕೃತಿಗಳಿಗೆ ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ಆ ಸ್ಥಾನದಲ್ಲಿ ಅವರು ತಮ್ಮ ಹೆಸರನ್ನಾಗಲಿ ಮೈಸೂರಿನ ಹೆಸರನ್ನಾಗಲಿ ಇರಿಸದೆ ತಿರುಮಕೂಡಲಿನ ಹೆಸರನ್ನೇ ಇರಿಸಿದರು. ಲೋಕವು ಅವರನ್ನು ‘ಮೈಸೂರು ಚೌಡಯ್ಯ’ನೆಂದು ಕರೆಯಿತು, ನಡುವಣ ‘ಟಿ.’ ಎಂಬ ಒಂದಕ್ಷರದೊಳಗೆ ಊರು ಅಡಗಿಕೊಂಡಿದ್ದಿತು. ಕೃತಿಯಲ್ಲಾದರೋ ಊರಿಗೆ ಪೂರ್ಣವಾದ ಸ್ಥಾನ ದೊರೆಯಿತು.

ಅವರು ಪಡೆದ ವಿದ್ಯೆಯು ಪಟ್ಟಣದ ಬೊಕ್ಕಸದಲ್ಲೇ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ಮೈಸೂರಿನಲ್ಲಿ ಅವರು ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿದರು. ೧೯೬೭ರ ಜನವರಿಯಲ್ಲಿ ಅವರು ಕಾಲವಾದ ಮೇಲೂ ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಮೊದಲಾದ ಶಿಷ್ಯರ ಮೂಲಕ ಅವರ ವಿದ್ಯೆ ಮುಂದುವರಿಯಿತು.

ಆದುದರಿಂದ ‘ಊರನ್ನು ಮರೆತನು’ ಎಂಬ ದೂರು ಚೌಡಯ್ಯನವರ ವಿಷಯದಲ್ಲಿ ನಿಲ್ಲುವುದಿಲ್ಲ. ಪ್ರಶ್ನೆಯನ್ನು ಊರಿನ ಕಡೆಗೆ ತಿರುಗಿಸುವುದು ಹೆಚ್ಚು ಯುಕ್ತ. ಹದಿನೈದು ವರ್ಷದ ಹುಡುಗನು ಪಿಟೀಲು ಹಿಡಿದು ಹೊರಟಾಗ ಅವನನ್ನು ತಡೆದು ನಿಲ್ಲಿಸಲು ಹಳ್ಳಿಯಲ್ಲಿ ಗುರುವಿರಲಿಲ್ಲ, ಸಭೆಯಿರಲಿಲ್ಲ. ಇಂದಿಗೂ ನಮ್ಮ ಎಷ್ಟೋ ಗ್ರಾಮಗಳ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಗುಡಿಯ ಮಂಟಪಗಳು ಇವೆ. ಕೇಳುವ ಕಿವಿಗಳೂ ಇವೆ. ವರ್ಷಕ್ಕೆ ನಾಲ್ಕು ಸಲ ಒಳ್ಳೆಯ ವಿದ್ವಾಂಸರನ್ನು ಕರೆಸಿ ಆ ಮಂಟಪಗಳಲ್ಲಿ ನುಡಿಸುವಂತೆ ಮಾಡುವುದು ಒಂದು ಊರಿನ ಗೃಹಸ್ಥರಿಗೆ ಮೀರಿದ ಕಾರ್ಯವಲ್ಲ. ಮನೆಯ ಮಗುವೊಂದಕ್ಕೆ ಸ್ವರಜ್ಞಾನ ಕಂಡುಬಂದರೆ ಅದನ್ನು ಗುರುವಿನ ಬಳಿಗೆ ಕಳುಹಿಸುವ ಧೈರ್ಯವನ್ನೂ ಆ ಗೃಹಸ್ಥರು ತಂದುಕೊಳ್ಳಬೇಕು.