ಪ್ರಸಾದ ನಿಲಯದ ಏಳು ದಿನಗಳು: ವಿದ್ಯಾರ್ಥಿ ಜೀವನ ಮತ್ತು ರಜೆಯ ದಿನದ ಕಾಯಕ

ಕನ್ನಡ ನಾಡಿನ ಮಠಗಳು ನಡೆಸಿಕೊಂಡು ಬಂದಿರುವ ಸೇವೆಗಳಲ್ಲಿ ಉಚಿತ ಪ್ರಸಾದ ನಿಲಯಗಳಿಗೆ ಮೊದಲ ಸಾಲಿನ ಸ್ಥಾನವಿದೆ. ಊರಿನಲ್ಲಿ ಶಾಲೆ ಇಲ್ಲದ, ಇದ್ದರೂ ಓದಿಸುವ ಶಕ್ತಿ ಇಲ್ಲದ ಮನೆಯ ಮಗುವಿಗೆ ಅನ್ನ, ಆಸರೆ, ಅಕ್ಷರ ಮೂರನ್ನೂ ಒಂದೇ ಸೂರಿನಡಿ ನೀಡುವ ವ್ಯವಸ್ಥೆ ಇದು. ಇಂತಹ ನಿಲಯಗಳ ಬಗ್ಗೆ ಬರೆಯುವವರು ಮಕ್ಕಳ ಸಂಖ್ಯೆ, ಕಟ್ಟಡ, ಪರೀಕ್ಷಾ ಫಲಿತಾಂಶಗಳನ್ನು ಹೇಳುತ್ತಾರೆ. ಆದರೆ ಒಂದು ನಿಲಯ ಮಗುವಿಗೆ ಮನೆಯಾಗಿದೆಯೇ ಎಂಬುದು ತಿಳಿಯುವುದು ಶಾಲೆಯ ಘಂಟೆ ಬಾರಿಸದ ದಿನ. ಆದುದರಿಂದ ನಿಲಯದ ವಾರವನ್ನು, ಅದರಲ್ಲಿಯೂ ಶನಿವಾರ ಮತ್ತು ಭಾನುವಾರಗಳ ನಡೆಯನ್ನು, ಪಾಲಕರಿಗೂ ಸದ್ಭಕ್ತರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಲಾಗಿದೆ.

ನಿಲಯಗಳ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರೌಢಶಾಲೆ, ಕಾಲೇಜುಗಳು ಇದ್ದುದು ಬೆರಳೆಣಿಕೆಯ ಪಟ್ಟಣಗಳಲ್ಲಿ. ಹಳ್ಳಿಯ ಹುಡುಗ ಅಲ್ಲಿಗೆ ಬಂದರೆ ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ ಎಂಬುದೇ ದೊಡ್ಡ ಚಿಂತೆಯಾಗಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡುವ ವಾರಾನ್ನ ಕೆಲವರಿಗೆ ದಾರಿಯಾಗಿತ್ತು. ಅದೂ ಸಿಗದವರು ಓದು ನಿಲ್ಲಿಸಿ ಊರಿಗೆ ಮರಳುತ್ತಿದ್ದರು. ಈ ಕೊರತೆಯನ್ನು ಮಠಗಳು ಮತ್ತು ದಾನಿಗಳು ತುಂಬಿದರು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿ, ವಟುಗಳು ಒಟ್ಟಿಗೆ ನೆಲೆಸಿ ಕಲಿಯುವ ಪದ್ಧತಿಗೆ ಹೊಸ ರೂಪ ಕೊಟ್ಟರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದ ನಿಲಯ ಉತ್ತರ ಕರ್ನಾಟಕದ ಹಲವು ತಲೆಮಾರುಗಳಿಗೆ ವಿದ್ಯೆಯ ಹೊಸ್ತಿಲಾಯಿತು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಹೆಸರು ಧರ್ಮಛತ್ರದೊಂದಿಗೂ ವಿದ್ಯಾರ್ಥಿ ನಿಲಯದೊಂದಿಗೂ ಬೆಸೆದುಕೊಂಡಿದೆ.

ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿ ನಿಲಯವನ್ನು ಆರಂಭಿಸಿದರು. 1954ರಲ್ಲಿ ಸ್ಥಾಪನೆಯಾದ ಜೆಎಸ್‌ಎಸ್ ಮಹಾವಿದ್ಯಾಪೀಠಕ್ಕೆ ಅದೇ ಬೀಜ. ಅದೇ 1941ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಹೊಣೆ ಶಿವಕುಮಾರ ಮಹಾಸ್ವಾಮಿಗಳ ಹೆಗಲಿಗೆ ಬಂದಿತು. ಅವರ ಕಾಲದಲ್ಲಿ ಅಲ್ಲಿನ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರ ಬೆಳೆಯಿತು. ಜಾತಿ ಮತಗಳನ್ನು ಕೇಳದೆ ಮಕ್ಕಳನ್ನು ಸೇರಿಸಿಕೊಳ್ಳುವುದು ಅಲ್ಲಿನ ನಡೆ. 2019ರ ಜನವರಿ 21ರಂದು ಪೂಜ್ಯರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ತಿಳಿಸಬೇಕೆಂಬ ಅವರ ಇಚ್ಛೆಯಂತೆ ನಡೆದುಕೊಳ್ಳಲಾಯಿತು. ಮಗುವಿನ ಹಸಿವಿಗೆ ಉಳಿದೆಲ್ಲವೂ ಕಾಯಬೇಕು ಎಂಬ ಈ ನಿಲುವಿನ ಮೇಲೆಯೇ ಪ್ರಸಾದ ನಿಲಯಗಳೆಲ್ಲವೂ ನಿಂತಿವೆ.

ಸೋಮವಾರದಿಂದ ಶುಕ್ರವಾರದವರೆಗೆ

ಶಾಲೆಯಿರುವ ದಿನಗಳಲ್ಲಿ ನಿಲಯವನ್ನು ನಡೆಸುವುದು ಘಂಟೆ. ಸೂರ್ಯೋದಯಕ್ಕೆ ಮುನ್ನ ಏಳುವುದು, ಹಾಸಿಗೆ ಸುತ್ತಿಡುವುದು, ಸ್ನಾನ, ವಿಭೂತಿಧಾರಣೆ, ಸಾಮೂಹಿಕ ಪ್ರಾರ್ಥನೆ, ಬೆಳಗಿನ ಓದು, ಉಪಾಹಾರ, ಶಾಲೆ. ಸಂಜೆ ಆಟ, ಮತ್ತೆ ಪ್ರಾರ್ಥನೆ, ಓದು, ಪ್ರಸಾದ, ನಿದ್ರೆ. ಪಂಕ್ತಿಯಲ್ಲಿ ಕುಳಿತು, ಎಲ್ಲರಿಗೂ ಬಡಿಸಿದ ಮೇಲೆಯೇ ತುತ್ತು ಎತ್ತುವುದು ಹಲವು ನಿಲಯಗಳ ರೂಢಿ. ದಕ್ಷಿಣದಲ್ಲಿ ಮುದ್ದೆ, ಅನ್ನ, ಸಾರು. ಉತ್ತರದಲ್ಲಿ ಜೋಳದ ರೊಟ್ಟಿ, ಪಲ್ಯ, ಹಬ್ಬಕ್ಕೆ ಗೋಧಿ ಹುಗ್ಗಿ. ಬಡಿಸಿದ್ದನ್ನು ಬಿಡದಂತೆ ಉಣ್ಣುವುದನ್ನು ಮಗು ಮೊದಲು ಕಲಿಯುವುದು ಈ ಪಂಕ್ತಿಯಲ್ಲಿ. ಅನ್ನವನ್ನು ಪ್ರಸಾದವೆಂದು ಕರೆದ ಮೇಲೆ ಅದನ್ನು ಚೆಲ್ಲುವ ಕೈ ತಾನಾಗಿಯೇ ಹಿಂಜರಿಯುತ್ತದೆ.

ಈ ಐದು ದಿನಗಳಲ್ಲಿ ಮಗುವಿಗೆ ತನ್ನನ್ನು ತಾನು ನೆನೆಯಲು ಹೆಚ್ಚು ಬಿಡುವಿರುವುದಿಲ್ಲ. ಹೊಸದಾಗಿ ಸೇರಿದ ಮಗುವಿಗೆ ಇದು ಒಂದು ರೀತಿಯಲ್ಲಿ ಉಪಕಾರವೇ. ಮನೆಯ ನೆನಪು ನುಗ್ಗಿ ಬರುವುದು ಬಿಡುವಿನ ಗಳಿಗೆಯಲ್ಲಿ.

ಶನಿವಾರ

ನಮ್ಮ ರಾಜ್ಯದ ಶಾಲೆಗಳು ಬಹುಮಟ್ಟಿಗೆ ಶನಿವಾರ ಬೆಳಗಿನ ಹೊತ್ತು ಮಾತ್ರ ನಡೆಯುತ್ತವೆ. ಸಾಮೂಹಿಕ ಕವಾಯತು, ಅರ್ಧ ದಿನದ ಪಾಠ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ನಿಲಯದಲ್ಲಿರುತ್ತಾರೆ. ಶನಿವಾರದ ಮಧ್ಯಾಹ್ನ ಬಟ್ಟೆಗಳ ಹೊತ್ತು. ಸಮವಸ್ತ್ರವನ್ನು ನೆನೆಸುವುದು, ಉಜ್ಜುವುದು, ಹಿಂಡುವುದು, ಹಗ್ಗದ ಮೇಲೆ ಹರಡುವುದನ್ನು ಹತ್ತು ವರ್ಷದ ಬಾಲಕನೂ ಹಿರಿಯ ವಿದ್ಯಾರ್ಥಿಯನ್ನು ನೋಡಿ ಕಲಿಯುತ್ತಾನೆ. ಹರಿದ ಗುಂಡಿ ಹೊಲಿದುಕೊಳ್ಳುವುದು, ಟ್ರಂಕನ್ನು ಬರಿದುಮಾಡಿ ಒರೆಸಿ ಮತ್ತೆ ಜೋಡಿಸುವುದೂ ಈ ದಿನದ ಕೆಲಸವೇ. ಕಿರಿಯ ಮಗುವಿನ ಬಕೆಟ್ಟನ್ನು ಹಿರಿಯನು ಎತ್ತಿಕೊಟ್ಟರೆ ನಿಲಯದಲ್ಲಿ ಅಣ್ಣತಮ್ಮಂದಿರ ಬಳಕೆ ಬೆಳೆಯುತ್ತಿದೆ ಎಂದರ್ಥ. ಹಿರಿಯನ ಬಟ್ಟೆಯನ್ನು ಕಿರಿಯನು ಒಗೆಯುತ್ತಿದ್ದರೆ ನಿಲಯಪಾಲಕರು ಅಂದೇ ಎಚ್ಚರಗೊಳ್ಳಬೇಕು. ದಬ್ಬಾಳಿಕೆ ಮೊದಲು ಕಾಣಿಸಿಕೊಳ್ಳುವುದು ಇಂತಹ ಸಣ್ಣ ಕೆಲಸಗಳಲ್ಲಿ.

ಭಾನುವಾರದ ಬೆಳಗು: ಶುಚಿ ಮತ್ತು ಕಾಯಕ

ಹಳೆಯ ಸಂಸ್ಕೃತ ಪಾಠಶಾಲೆಗಳಲ್ಲಿ ರಜೆ ತಿಥಿಯನ್ನು ಅನುಸರಿಸುತ್ತಿತ್ತು. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳಾಗಿದ್ದವು. ಇಂಗ್ಲಿಷರ ಆಡಳಿತದ ಕಾಲದ ಶಾಲೆಗಳೊಂದಿಗೆ ಭಾನುವಾರದ ರಜೆ ಬಂದಿತು. ಪ್ರಸಾದ ನಿಲಯಗಳು ಆ ರಜೆಯನ್ನು ಕಾಯಕದ ದಿನವಾಗಿ ಮಾರ್ಪಡಿಸಿಕೊಂಡವು.

ಬೆಳಗಿನ ಪ್ರಾರ್ಥನೆ ಅಂದೂ ತಪ್ಪುವುದಿಲ್ಲ. ಅನಂತರ ತಲೆಸ್ನಾನ, ಉಗುರು ಕತ್ತರಿಸುವುದು, ಸರದಿಯಂತೆ ಕ್ಷೌರ. ಹಾಸಿಗೆ ಹೊದಿಕೆಗಳನ್ನು ಬಿಸಿಲಿಗೆ ಹಾಕಲಾಗುತ್ತದೆ. ಒಟ್ಟಿಗೆ ಮಲಗುವ ಮಕ್ಕಳಲ್ಲಿ ಕಜ್ಜಿ ಬೇಗನೆ ಹರಡುತ್ತದೆ. ಒಬ್ಬನಿಗೆ ಕಾಣಿಸಿಕೊಂಡರೆ ಆ ಕೊಠಡಿಯವರೆಲ್ಲರಿಗೂ ಒಂದೇ ಸಮಯದಲ್ಲಿ ಔಷಧಿ ಹಚ್ಚಿ, ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು; ಒಬ್ಬನಿಗಷ್ಟೇ ಔಷಧಿ ಕೊಟ್ಟರೆ ಅದು ಮತ್ತೆ ಮರಳಿ ಬರುತ್ತದೆ. ವಾರಕ್ಕೊಮ್ಮೆ ಕೈಬೆರಳ ಸಂದು, ತಲೆಗೂದಲು, ಹಲ್ಲು, ಕಣ್ಣುಗಳನ್ನು ನೋಡುವುದಕ್ಕೆ ಭಾನುವಾರಕ್ಕಿಂತ ತಕ್ಕ ದಿನವಿಲ್ಲ.

ಶುಚಿಯಾದ ಮೇಲೆ ಶ್ರಮದಾನ. ಅಂಗಳ ಗುಡಿಸುವುದು, ಹೂದೋಟಕ್ಕೆ ನೀರು ಹಾಯಿಸುವುದು, ಗೋಶಾಲೆಯಲ್ಲಿ ಸಗಣಿ ಬಾಚಿ ಮೇವು ಹಾಕುವುದು, ದಾಸೋಹ ಮನೆಯಲ್ಲಿ ಕಾಯಿಪಲ್ಲೆ ಹೆಚ್ಚುವುದು, ಅಕ್ಕಿಯಲ್ಲಿನ ಕಲ್ಲು ಆರಿಸುವುದು. ಈ ಕೆಲಸಗಳಲ್ಲಿ ಮೇಲು ಕೀಳು ಇರಬಾರದು. ಸರದಿಯ ಪಟ್ಟಿ ಎಲ್ಲರಿಗೂ ಒಂದೇ ಆಗಿರಬೇಕು. ಅಧಿಕಾರಿಯ ಮಗನಿಗೆ ಹೂದೋಟ, ಕೂಲಿಕಾರನ ಮಗನಿಗೆ ಶೌಚಾಲಯ ಎಂದು ಹಂಚಿದರೆ ಬಸವಾದಿ ಶರಣರ ಕಾಯಕ ತತ್ವವನ್ನು ಪಾಠದಲ್ಲಿ ಎಷ್ಟು ಹೇಳಿದರೂ ಫಲವಿಲ್ಲ. ಕಾಯಕಕ್ಕೂ ಮಿತಿಯಿದೆ. ಕುದಿಯುವ ಹಂಡೆಯ ಹತ್ತಿರ, ಮೇಲ್ಛಾವಣಿಯ ಮೇಲೆ, ಬಾವಿಯ ಒಳಗೆ ಮಕ್ಕಳು ಮಾಡಬೇಕಾದ ಕೆಲಸ ಯಾವುದೂ ಇಲ್ಲ. ಕೂಲಿಯವರನ್ನು ಉಳಿಸುವ ಸಲುವಾಗಿ ಮಕ್ಕಳ ಓದು ಮತ್ತು ಆಟದ ಹೊತ್ತನ್ನು ಕಿತ್ತುಕೊಂಡರೆ ಅದಕ್ಕೆ ಶ್ರಮದಾನವೆಂಬ ಹೆಸರು ಸಲ್ಲದು.

ಹೆಣ್ಣುಮಕ್ಕಳ ನಿಲಯ

ಹೆಣ್ಣುಮಕ್ಕಳ ನಿಲಯಗಳಲ್ಲಿಯೂ ವಾರದ ಕ್ರಮ ಇದೇ. ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣ ಪರಂಪರೆ ಒಪ್ಪಿಲ್ಲ. ಆದುದರಿಂದ ಮುಟ್ಟಿನ ದಿನಗಳಲ್ಲಿ ಬಾಲಕಿಯನ್ನು ಪ್ರಾರ್ಥನೆಯಿಂದಾಗಲಿ, ಪಂಕ್ತಿಯಿಂದಾಗಲಿ ದೂರವಿರಿಸುವುದಕ್ಕೆ ನಮ್ಮಲ್ಲಿ ಆಧಾರವಿಲ್ಲ. ಅವಳಿಗೆ ಬೇಕಾದುದು ಸ್ವಚ್ಛವಾದ ಸ್ನಾನಗೃಹ, ಸಾಕಷ್ಟು ನೀರು, ಕೇಳಿದಾಗ ಮುಜುಗರವಿಲ್ಲದೆ ಸಿಗುವ ಪ್ಯಾಡು, ಹೊಟ್ಟೆನೋವಿದ್ದರೆ ವಿಶ್ರಾಂತಿ, ಮತ್ತು ಇವನ್ನೆಲ್ಲ ಅರಿತ ಒಬ್ಬ ನಿಲಯಪಾಲಕಿ.

ಭೇಟಿಯ ಹೊತ್ತು

ಪಾಲಕರು ಬರುವುದು ಹೆಚ್ಚಾಗಿ ಭಾನುವಾರ. ಬುತ್ತಿಯ ಗಂಟು, ಚಕ್ಕುಲಿಯ ಡಬ್ಬಿ, ಹೊಸ ಪೆನ್ನು ಹಿಡಿದ ತಂದೆತಾಯಂದಿರು ಮರದ ನೆರಳಿನಲ್ಲಿ ಮಕ್ಕಳೊಂದಿಗೆ ಕುಳಿತಿರುವುದು ಎಲ್ಲ ನಿಲಯಗಳಲ್ಲಿಯೂ ಕಾಣುವ ನೋಟ. ಇದೇ ಹೊತ್ತಿನಲ್ಲಿ ಯಾರೂ ಬಾರದ ಮಗುವೂ ಇರುತ್ತದೆ. ತಂದೆತಾಯಿ ಇಲ್ಲದ ಮಗು, ದುಡಿಮೆಗಾಗಿ ದೂರದ ಊರಿಗೆ ಗುಳೆ ಹೋದವರ ಮಗು, ಬಸ್ಸಿನ ಖರ್ಚಿಗೆ ಹಣವಿಲ್ಲದವರ ಮಗು. ಅದು ಕೊಠಡಿಯ ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತರೆ ಓದುತ್ತಿದೆ ಎಂದೇ ನೋಡಿದವರು ತಿಳಿಯುತ್ತಾರೆ.

ನಿಲಯವನ್ನು ಬಿಟ್ಟು ಹೋಗುವ ಯೋಚನೆ ಮಗುವಿನಲ್ಲಿ ಬಲಿಯುವುದು ಸಾಮಾನ್ಯವಾಗಿ ಸೇರಿದ ಮೊದಲ ವಾರಗಳಲ್ಲಿ ಮತ್ತು ದಸರೆಯಂತಹ ದೀರ್ಘ ರಜೆ ಮುಗಿಸಿ ಮರಳಿದ ದಿನಗಳಲ್ಲಿ. ಭಾನುವಾರದ ಸಂಜೆ, ಬಂದವರೆಲ್ಲ ಹೊರಟು ಹೋದ ಮೇಲೆ, ಆ ಯೋಚನೆಗೆ ಬಲ ಬರುತ್ತದೆ. ಅನುಭವಿ ನಿಲಯಪಾಲಕರು ಆ ಸಂಜೆಯನ್ನು ಬರಿದಾಗಿ ಬಿಡುವುದಿಲ್ಲ. ಆಟ, ಭಜನೆ, ಕಥೆ ಇವುಗಳಿಂದ ಅದನ್ನು ತುಂಬುತ್ತಾರೆ. ಯಾರೂ ಬಾರದ ಮಕ್ಕಳ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಅಂದು ತಾವೇ ಮಾತನಾಡಿಸುತ್ತಾರೆ, ನಿಲಯದ ದೂರವಾಣಿಯಿಂದ ಮನೆಗೆ ಕರೆ ಮಾಡಿಸುತ್ತಾರೆ. ಪಾಲಕರು ಮಾಡಬಹುದಾದ ಉಪಕಾರವೂ ಒಂದಿದೆ. ಬರುತ್ತೇವೆಂದು ಹೇಳಿದ ದಿನ ಬರಬೇಕು. ಬರಲಾಗದಿದ್ದರೆ ಮೊದಲೇ ತಿಳಿಸಬೇಕು. ತಂದ ಬುತ್ತಿಯಲ್ಲಿ ಕೊಠಡಿಯ ಉಳಿದ ಮಕ್ಕಳಿಗೂ ಒಂದು ಪಾಲು ಇರಲಿ.

ಆಟ, ಸಂಗೀತ, ಶಿವಾನುಭವ

ಕಬಡ್ಡಿ, ಖೋಖೋ, ಲಗೋರಿ, ವಾಲಿಬಾಲ್ ಭಾನುವಾರದ ಸಂಜೆಯ ಆಟಗಳು. ಮಲ್ಲಕಂಬ, ಯೋಗಾಸನಗಳನ್ನು ಕಲಿಸುವ ನಿಲಯಗಳೂ ಇವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಅನಂತರ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನ ಆಶ್ರಯಗಳೊಂದಿಗೆ ಸಂಗೀತವನ್ನು ಧಾರೆಯೆರೆದರು. ಅಲ್ಲಿ ಕಲಿತವರಿಗೆ ಸಂಗೀತವೇ ಬದುಕಿನ ಆಧಾರವಾಯಿತು. ಸಾಣೇಹಳ್ಳಿಯಲ್ಲಿ ರಂಗಭೂಮಿಗೆ ಮಠದ ಅಂಗಳದಲ್ಲಿಯೇ ನೆಲೆ ದೊರೆಯಿತು; 1997ರಲ್ಲಿ ಹುಟ್ಟಿದ ಶಿವಸಂಚಾರ ತಂಡ ನಾಡಿನ ಊರೂರುಗಳಲ್ಲಿ ನಾಟಕಗಳನ್ನು ಆಡುತ್ತಾ ಬಂದಿದೆ. ಬಿಡುವಿನ ಹೊತ್ತಿನ ಹವ್ಯಾಸವೆಂದು ತಿಳಿದ ಕಲೆ ಮಗುವಿನ ಬಾಳನ್ನೇ ರೂಪಿಸಬಲ್ಲದು ಎಂಬುದಕ್ಕೆ ಇವು ನಿದರ್ಶನಗಳು.

ರಜೆಯ ಸಂಜೆ ವಚನ ಕಂಠಪಾಠ, ಭಾಷಣ, ಚರ್ಚೆಗಳನ್ನು ಏರ್ಪಡಿಸುವ ವಾಡಿಕೆ ಹಲವು ನಿಲಯಗಳಲ್ಲಿದೆ. ಕಂಠಪಾಠದಷ್ಟೇ ಪ್ರಶ್ನೆಗೂ ಅವಕಾಶವಿರಲಿ. ಅನುಭವ ಮಂಟಪದ ಮಾದರಿ ಸಂವಾದದ್ದು. ಅಲ್ಲಿ ಕೇಳುವವರಿಗೂ ಹೇಳುವವರಷ್ಟೇ ಸ್ಥಾನವಿತ್ತು. ಶ್ರಾವಣದಲ್ಲಿ ಬರುವ ಬಸವ ಪಂಚಮಿಯಂದು ಕಲ್ಲು ನಾಗರಕ್ಕೆ ಎರೆಯುವ ಹಾಲನ್ನು ಮಕ್ಕಳಿಗೆ, ರೋಗಿಗಳಿಗೆ ಹಂಚುವ ಕಾರ್ಯಕ್ರಮವನ್ನು ಅನೇಕ ಮಠಗಳು ನಡೆಸುತ್ತವೆ. ನಿಲಯದ ವಿದ್ಯಾರ್ಥಿಗಳು ಅದರಲ್ಲಿ ತಾವೇ ಹಾಲು ಹಂಚಿದರೆ, ಪಡೆಯುವ ಕೈ ಕೊಡುವ ಕೈಯೂ ಆಗುತ್ತದೆ.

ರಕ್ಷಣೆಯ ಹೊಣೆ

ಮಠದ ಮೇಲಿನ ನಂಬಿಕೆಯಿಂದ ಪಾಲಕರು ಮಗುವನ್ನು ಒಪ್ಪಿಸಿ ಹೋಗುತ್ತಾರೆ. ಆ ನಂಬಿಕೆಯೇ ಮೇಲ್ವಿಚಾರಣೆಯ ಬದಲಾಗಲಾರದು. ರಜೆಯ ದಿನ ಶಿಕ್ಷಕರು ಇರುವುದಿಲ್ಲ, ಹೊರಗಿನವರ ಓಡಾಟ ಹೆಚ್ಚು, ಎಚ್ಚರವೂ ಹೆಚ್ಚಬೇಕು. ಬಂದು ಹೋಗುವವರ ಹೆಸರು ದಾಖಲಾಗಬೇಕು. ಮಗುವನ್ನು ಹೊರಗೆ ಕರೆದೊಯ್ಯಲು ಪಾಲಕರ ಒಪ್ಪಿಗೆ ಇರಬೇಕು. ಎಷ್ಟೇ ಗೌರವದ ಸ್ಥಾನದಲ್ಲಿರುವವರಾಗಲಿ, ಮಗುವನ್ನು ಒಂಟಿಯಾಗಿ ಮುಚ್ಚಿದ ಕೊಠಡಿಗೆ ಕರೆಯುವಂತಿರಬಾರದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರೆಲ್ಲರ ಕರ್ತವ್ಯ, ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಪ್ರತಿ ನಿಲಯದ ಗೋಡೆಯ ಮೇಲೆ ಮಗುವಿನ ಕಣ್ಣಿಗೆ ಎಟುಕುವಂತೆ ಬರೆದಿರಬೇಕು, ಕರೆ ಮಾಡಲು ದೂರವಾಣಿಯೂ ಕೈಗೆ ಸಿಗುವಂತಿರಬೇಕು. ಸಂಸ್ಥೆಯ ಮರ್ಯಾದೆ ಉಳಿಯುವುದು ಮಗುವಿನ ಮಾತನ್ನು ಕೇಳುವುದರಿಂದಲೇ.

ಸದ್ಭಕ್ತರು ನೆರವಾಗುವ ಬಗೆ

ಹುಟ್ಟುಹಬ್ಬ, ಮದುವೆಯ ದಿನ, ಹಿರಿಯರ ಸ್ಮರಣೆಯ ನೆಪದಲ್ಲಿ ಭಕ್ತರು ಭಾನುವಾರ ನಿಲಯದಲ್ಲಿ ದಾಸೋಹ ಮಾಡಿಸುವುದುಂಟು. ಅದು ಸ್ತುತ್ಯವಾದುದು. ದಾಸೋಹದಲ್ಲಿ ಕೊಡುವವನು ದಾಸನೇ ಹೊರತು ಧಣಿಯಲ್ಲ ಎಂಬ ಅರಿವು ಆಗ ಜೊತೆಗಿರಲಿ. ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ, ಭಾಷಣ ಮುಗಿಯುವವರೆಗೆ ಎಲೆಯ ಮುಂದೆ ಕಾಯಿಸಿ, ಲಾಡು ಕೊಡುವಾಗ ಫೋಟೊ ತೆಗೆಯುವುದು ಬೇಡ. ಬಂದವರು ಅದೇ ಪಂಕ್ತಿಯಲ್ಲಿ ಕುಳಿತು ಅದೇ ಊಟ ಉಣ್ಣಲಿ. ಸಿಹಿಯೂಟದ ಜೊತೆಗೆ ನಿಲಯಕ್ಕೆ ಬೇಕಾದ ವಸ್ತು ಯಾವುದೆಂದು ಕೇಳಲಿ; ಬೇಕಾಗಿರುವುದು ಹೊದಿಕೆಯೋ, ಗ್ರಂಥಾಲಯಕ್ಕೆ ಪುಸ್ತಕವೋ, ನೀರಿನ ತೊಟ್ಟಿಯೋ ಆಗಿರಬಹುದು. ವೈದ್ಯರು ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಪರೀಕ್ಷಿಸಬಹುದು. ಗಣಿತ, ಇಂಗ್ಲಿಷ್ ಬಲ್ಲವರು ಎರಡು ಗಂಟೆ ಕಲಿಸಬಹುದು. ಇದೇ ನಿಲಯದಲ್ಲಿ ಓದಿ ನೌಕರಿ ಹಿಡಿದವರು ಬಂದು ಯಾರೂ ಬಾರದ ಮಗುವಿನ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತರೆ ಅದೂ ದಾಸೋಹವೇ; ಅನ್ನಕ್ಕಿಂತ ಅದು ಕಡಿಮೆಯದಲ್ಲ.

ಮುಂದಿನ ಭಾನುವಾರ ಬಿಡುವಿದ್ದವರು ಹತ್ತಿರದ ಪ್ರಸಾದ ನಿಲಯಕ್ಕೆ ಹೋಗಿ, ನಿಲಯಪಾಲಕರ ಅನುಮತಿ ಪಡೆದು, ಅಲ್ಲಿನ ಮಕ್ಕಳನ್ನು ಮಾತನಾಡಿಸಿ ಬರಬೇಕೆಂದು ವಿನಂತಿ.